ಮಹಾರಾಜರ ಎಡಭುಜ

ದರ್ಜಿಯ ಮೇಲೆ ಅವನ ಹೆಂಡತಿಯ ದೂರು ಒಂದೇ: ಈ ಮನುಷ್ಯ ಮನುಷ್ಯರನ್ನು ನೋಡುವುದಿಲ್ಲ, ಹೊಲಿಗೆ ನೋಡುತ್ತಾನೆ. ಅದಕ್ಕೆ ಅವರ ಮದುವೆಯ ಫೋಟೊವೇ ಸಾಕ್ಷಿ. ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಿದ್ದರೆ ಮದುಮಗ ಮಾತ್ರ ಮಾವನ ಕೋಟಿನ ಕಾಲರು ನೋಡಿ ಮುಖ ಕಿವುಚಿಕೊಂಡಿದ್ದಾನೆ.

ಅಂಥವನು ಅಂಗಡಿಗೆ ಎರಡು ದಿನ ಬೀಗ ಜಡಿದು, ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಮಹಾನಗರ ದರ್ಶನಕ್ಕೆ ಹೊರಟನೆಂದರೆ ಅದು ಸುಮ್ಮನೆ ಆದ ಕೆಲಸವಲ್ಲ. ಹೆಂಡತಿ ಹನ್ನೊಂದು ವರ್ಷ ಕೇಳಿದ್ದಳು, ಗೋಗರೆದಿದ್ದಳು, ಕೊನೆಗೆ ಮೌನವ್ರತ ಹಿಡಿದಿದ್ದಳು. (ಮೌನ ಅವನಿಗೆ ಹಿತವಾಗಿಯೇ ಇತ್ತು. ನಾಲ್ಕನೆಯ ದಿನ, ವ್ರತ ಮುರಿಯುತ್ತೇನೆ ಎಂದು ಬರೆದು ತೋರಿಸಿ ಹೆದರಿಸಿದ ಮೇಲೆಯೇ ಅವನು ಒಪ್ಪಿದ್ದು.)

ಶನಿವಾರ ಮೊದಲು ಹತ್ತಿದ್ದು ಗಡಿಯಾರದ ಗೋಪುರ. ಇನ್ನೂರ ಹದಿನಾಲ್ಕು ಮೆಟ್ಟಿಲು. ಅತ್ತೆಯ ಮಂಡಿಗಳು ಒಂದೊಂದು ಮೆಟ್ಟಿಲಲ್ಲೂ ಅಳಿಯನಿಗೆ ಶಾಪ ಹಾಕಿದವು. ತುದಿಯಿಂದ ಇಡೀ ನಗರ ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು. ದರ್ಜಿಗೆ ಕಂಡದ್ದು ಮುಂದೆ ನಿಂತಿದ್ದ ದಪ್ಪ ಮನುಷ್ಯರೊಬ್ಬರ ಪ್ಯಾಂಟಿನ ಹಿಂಬದಿಯ ಹೊಲಿಗೆ.

"ಸ್ವಾಮಿ, ತಪ್ಪು ತಿಳ್ಕೋಬೇಡಿ. ದಯವಿಟ್ಟು ಬಗ್ಗಬೇಡಿ" ಎಂದ.

"ಯಾಕೆ, ಕೆಳಗಡೆ ಏನಿದೆ?" ಎನ್ನುತ್ತ ಅವರು ಬಗ್ಗಿದರು.

ಟರ್ರ್ ಎಂದಿತು. ಆ ಕ್ಷಣದಿಂದ ಗೋಪುರದ ಮೇಲಿದ್ದವರಾರೂ ನಗರವನ್ನು ನೋಡಲಿಲ್ಲ. ದರ್ಜಿಯ ಕಾಲರಿನ ಹಿಂದೆ ಸದಾ ಒಂದು ಸೂಜಿ ದಾರ ಸಮೇತ ಸಿಕ್ಕಿಸಿರುತ್ತದೆ. ಅತ್ತೆಯ ಶಾಲನ್ನು ಪರದೆಯಾಗಿ ಹಿಡಿಸಿ, ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಹೊಲಿದ. ಎದ್ದು ನೋಡಿದರೆ ಹಿಂದೆ ಆರು ಜನರ ಸಾಲು. ಒಬ್ಬರ ಗುಂಡಿ ಜೋತುಬಿದ್ದಿತ್ತು, ಇನ್ನೊಬ್ಬರ ಜೇಬು ಹರಿದಿತ್ತು. ಎಲ್ಲ ಮುಗಿಸಿ ಇಳಿಯುವಷ್ಟರಲ್ಲಿ ಹೆಂಡತಿ ಆಸೆಪಟ್ಟಿದ್ದ ಕೆರೆ ವಿಹಾರದ ಕೊನೆಯ ದೋಣಿ ಹೊರಟುಹೋಗಿತ್ತು.

"ನಾವು ಬಂದಿದ್ದು ಊರು ನೋಡೋಕಾ, ಊರೋರ ಬಟ್ಟೆ ಹೊಲಿಯೋಕಾ?" ಹೆಂಡತಿ ದಡದಲ್ಲೇ ಶುರುಮಾಡಿದಳು.

"ಪಾಪ, ಅವರ ಮಾನ ಹೋಗ್ತಿತ್ತು ಕಣೇ."

"ಅವರದು ಉಳೀತು, ನಂದು ಹೋಯ್ತು. ಕೊಡಿ ಇಲ್ಲಿ ಆ ಸೂಜಿ!"

ಹೀಗೆ ನಿರಾಯುಧನಾದ ದರ್ಜಿ ಭಾನುವಾರ ಬೆಳಿಗ್ಗೆ ವಸ್ತುಸಂಗ್ರಹಾಲಯ ಹೊಕ್ಕ. ಇಲ್ಲಿ ಅರ್ಧ ಗಂಟೆ, ಆಮೇಲೆ ಮೃಗಾಲಯ, ಆಮೇಲೆ ದೋಣಿ ಎಂದು ಹೆಂಡತಿಯ ಕಟ್ಟಪ್ಪಣೆಯಾಗಿತ್ತು. ಕತ್ತಿ, ಗುರಾಣಿ, ಬೆಳ್ಳಿಯ ಕುರ್ಚಿ ಎಲ್ಲವನ್ನೂ ಅವನು ಒಳ್ಳೆಯ ಹುಡುಗನ ಹಾಗೆ ತಲೆ ತಗ್ಗಿಸಿಕೊಂಡು ದಾಟಿದ. (ತಲೆ ತಗ್ಗಿಸಿದರೆ ಎಲ್ಲರ ಪ್ಯಾಂಟಿನ ಅಂಚು ಚೆನ್ನಾಗಿ ಕಾಣುತ್ತದೆಂದು ಅವಳಿಗೆ ಹೊಳೆಯಲಿಲ್ಲ.) ಕೊನೆಯ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮರದ ಬೊಂಬೆಯ ಮೈಮೇಲೆ ಮಹಾರಾಜರೊಬ್ಬರ ಜರಿ ಕೋಟು ಇತ್ತು. ದರ್ಜಿ ನಿಂತೇಬಿಟ್ಟ.

"ಯಾವನೇ ಇದನ್ನ ಹೊಲಿದ ಪುಣ್ಯಾತ್ಮ! ಎಡಭುಜ ನೋಡು, ದಿಂಬು ತುರುಕಿದ ಹಾಗಿದೆ. ರಾಜರಿಗೆ ಹಿಂಗೆ ಹೊಲಿದು ತಲೆ ಹೆಂಗೆ ಉಳಿಸ್ಕೊಂಡನೋ!"

"ಮೆಲ್ಲಗೆ ರೀ!"

"ಕಣ್ಣು ಕಟ್ಟಿ ಕೂರಿಸಿದ್ರೂ ನಾನು ಇದಕ್ಕಿಂತ ಚೆನ್ನಾಗಿ ಹೊಲೀತೀನಿ!"

ಹಿಂದಿನಿಂದ ಒಬ್ಬರು ಕೆಮ್ಮಿದರು. ಸಂಗ್ರಹಾಲಯದ ಅಧಿಕಾರಿ.

"ನೀವು ಟೈಲರಾ?"

"ಇಪ್ಪತ್ತಾರು ವರ್ಷದಿಂದ ಸಾರ್."

ಅಧಿಕಾರಿಯ ಮುಖ ಅರಳಿತು. ಮರುದಿನ ಯಾರೋ ದೊಡ್ಡವರು ನೋಡಲು ಬರುವವರಿದ್ದರು. ಆ ಉಬ್ಬು ಅಧಿಕಾರಿಯ ಕಣ್ಣಿಗೂ ಚುಚ್ಚುತ್ತಿತ್ತು. ವಾಡಿಕೆಯ ದರ್ಜಿ ಜ್ವರ ಹಿಡಿದು ಮಲಗಿದ್ದ. "ಒಂಚೂರು ಸರಿ ಮಾಡಿಕೊಡ್ತೀರಾ? ಸಂಜೆವರೆಗೂ ಹಿಡೀಬಹುದು" ಎಂದು ಕೇಳಿಕೊಂಡರು.

ದರ್ಜಿ ದೀನನಾಗಿ ಹೆಂಡತಿಯ ಕಡೆ ತಿರುಗಿದ. ಸಿಡಿಲು ಬಡಿಯುತ್ತದೆಂದು ಕಣ್ಣು ಮುಚ್ಚಿಕೊಂಡ. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಮಗಳ ಮುಖ ನೋಡಿದರು.

"ಧಾರಾಳವಾಗಿ ಇಟ್ಕೊಳ್ಳಿ ಸಾರ್" ಎಂದು ಅವಳು ಗಂಡನ ಅಂಗೈಗೆ ಸೂಜಿ ಹಾಕಿದಳು. "ಐದು ಗಂಟೆಗೆ ಬಂದು ತಗೊಂಡು ಹೋಗ್ತೀವಿ. ಚೀಟಿ ಏನಾದ್ರೂ ಕೊಡ್ತೀರಾ?"

ಹಿಂದಿನ ಕೋಣೆಯಲ್ಲಿ ದರ್ಜಿ ಮೈಮರೆತ. ಎಡಭುಜ ಬಿಚ್ಚಿದರೆ ಒಳಗೆ ಹತ್ತಿಯ ಮೂರು ಪದರ, ಬಲದಲ್ಲಿ ಒಂದೇ. "ಮುಠ್ಠಾಳ" ಎಂದು ಗೊಣಗಿ ಎರಡು ಪದರ ಕಿತ್ತು, ಮತ್ತೆ ಹೊಲಿದ. ಎರಡು ಗಂಟೆಯ ಹೊತ್ತಿಗೆ ಬೊಂಬೆಯ ಮೇಲೆ ಎರಡು ಭುಜಗಳೂ ಅವಳಿ ಮಕ್ಕಳ ಹಾಗೆ ಕುಳಿತಿದ್ದವು.

ಅಧಿಕಾರಿ ಕೈಕುಲುಕಿ, ಪಕ್ಕದಲ್ಲಿ ತೂಗುಹಾಕಲೆಂದು ಉಗ್ರಾಣದಿಂದ ಎರಡು ಹಳೆಯ ಫೋಟೊ ತರಿಸಿ ಧೂಳು ಒರೆಸಿದರು. ಒಂದರಲ್ಲಿ ಮಹಾರಾಜರು ಬರೀ ಅಂಗಿಯಲ್ಲಿದ್ದರು. ಎಡಭುಜ ಬಲಕ್ಕಿಂತ ಎರಡು ಬೆರಳು ಕೆಳಗೆ ಕುಸಿದಿತ್ತು. ಇನ್ನೊಂದರಲ್ಲಿ ಇದೇ ಕೋಟು ತೊಟ್ಟಿದ್ದರು. ಭುಜಗಳು ತಕ್ಕಡಿ ಹಿಡಿದಷ್ಟು ಸಮ.

"ಚಿಕ್ಕವರಿದ್ದಾಗ ಕುದುರೆಯಿಂದ ಬಿದ್ದಿದ್ರಂತೆ" ಎಂದರು ಅಧಿಕಾರಿ.

ದರ್ಜಿ ಎರಡು ಫೋಟೊಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದ. ಒಂದು ರಾಜ್ಯಕ್ಕೆ ರಾಜ್ಯವೇ ನೋಡುತ್ತಿದ್ದರೂ ಒಬ್ಬ ಮನುಷ್ಯನ ಊನವನ್ನು ಯಾರಿಗೂ ಗೊತ್ತಾಗದ ಹಾಗೆ ಮೂರು ಪದರ ಹತ್ತಿಯಲ್ಲಿ ಮುಚ್ಚಿಟ್ಟಿದ್ದ ಆ ಪುಣ್ಯಾತ್ಮ! ತಪ್ಪಿದ್ದದ್ದು ಕೋಟಿನಲ್ಲಲ್ಲ, ಬಟ್ಟೆಯಂಗಡಿಯಿಂದ ತಂದು ನಿಲ್ಲಿಸಿದ ನೆಟ್ಟನೆಯ ಬೊಂಬೆಯಲ್ಲಿ.

"ಸಾರ್, ಮೊದಲು ನನ್ನ ನಾಲಿಗೆಗೆ ಹೊಲಿಗೆ ಹಾಕ್ಬೇಕು" ಎಂದವನೇ ಮತ್ತೆ ಕುಳಿತ. ತನ್ನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಹತ್ತಿಯನ್ನು ಇದ್ದ ಹಾಗೇ ತುಂಬಿ, ಹಳೆಯ ಸೂಜಿ ತೂತುಗಳಲ್ಲೇ ದಾರ ಓಡಿಸಿದ. ಬಡಗಿಯ ಅರವೊಂದನ್ನು ಕೇಳಿ ಪಡೆದು ಬೊಂಬೆಯ ಎಡಭುಜವನ್ನು ಎರಡು ಬೆರಳು ಉಜ್ಜಿ ಇಳಿಸಿದ. ಕೋಟು ತೊಡಿಸಿದಾಗ ಮಹಾರಾಜರೇ ಎದ್ದು ನಿಂತಂತಾಯಿತು.

ಐದಕ್ಕೆ ಸರಿಯಾಗಿ ತಾಯಿ ಮಗಳು ನಗುತ್ತ ಬಂದರು. ಹುಲಿ ಎದ್ದು ಓಡಾಡಿತ್ತಂತೆ. ದೋಣಿಯಲ್ಲಿ ಎರಡು ಸಲ ಹೋಗಿದ್ದರಂತೆ. ಅತ್ತೆಯ ಮಂಡಿಗಳು ಮಾತೇ ಆಡಿರಲಿಲ್ಲವಂತೆ. "ಎಷ್ಟು ಸಲೀಸಾಗಿತ್ತು ಗೊತ್ತಾ ಅಳಿಯಂದ್ರೇ!" ಎಂದರು ಅತ್ತೆ.

ಹೆಂಡತಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಕೋಟು ನೋಡಿದಳು. ಅವಳ ಕಣ್ಣು ತುಂಬಿತು.

"ಅಬ್ಬಾ! ಏನ್ ಹೊಲಿಗೆ ರೀ ಇದು! ಬೆಳಿಗ್ಗೆ ದರಿದ್ರವಾಗಿತ್ತು. ನಿಮ್ಮ ಕೈಯಲ್ಲಿ ಇಂಥಾ ಕಲೆ ಇದೆ ಅಂತ ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ."

ಹನ್ನೊಂದು ವರ್ಷದಲ್ಲಿ ಅವಳು ಮೆಚ್ಚಿದ ಮೊದಲ ಹೊಲಿಗೆ.

"ಅದು... ಅದು ನಾನು ಹೊಲಿದದ್ದಲ್ಲ ಕಣೇ" ಎಂದ ದರ್ಜಿ.

"ಸಾಕು, ವಿನಯ ಬೇರೆ!" ಎಂದು ಅವಳು ಅಧಿಕಾರಿಯ ಕಡೆ ತಿರುಗಿದಳು. "ಇನ್ನೂ ಕೋಟುಗಳಿವೆಯಾ ಸಾರ್?"

"ಹದಿನೇಳಿವೆಯಮ್ಮ."

"ಹಾಗಾದ್ರೆ ಮುಂದಿನ ತಿಂಗಳೂ ಬರ್ತೀವಿ. ಬೆಳಿಗ್ಗೆ ಏಳಕ್ಕೇ ಇವರನ್ನ ತಂದು ಬಿಡ್ತೀವಿ."

"ನಾವು ಬಾಗಿಲು ತೆಗೆಯೋದೇ ಹತ್ತಕ್ಕಲ್ವೇನಮ್ಮಾ?"

"ಪರವಾಗಿಲ್ಲ ಬಿಡಿ" ಎಂದರು ಅತ್ತೆ. "ಹೊರಗಡೆ ಕೂತಿರ್ತಾರೆ."