ಎಡಗಿವಿಯ ಹಿಂದಿನ ಗಂಟು

ಸಿಂಗಸಂದ್ರದ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ, ಐದು ತಿಂಗಳ ನಾಯಿಮರಿಯ ಎಡಗಿವಿಯ ಹಿಂದೆ ಕೂದಲಿನ ಗಂಟೊಂದು ಪತ್ತೆಯಾಯಿತು. ಗಾತ್ರ ನೆಲ್ಲಿಕಾಯಿಯಷ್ಟು. ಪ್ರಾಣಹಾನಿ ಸಂಭವಿಸಿರಲಿಲ್ಲ. ಗಂಟನ್ನು ಮೊದಲು ಕಂಡ ನನ್ನ ಮಗಳು ಅಮ್ಮನಿಗೆ ಹೇಳಿದಳು. ಅವಳ ಅಮ್ಮ ನಮ್ಮ ಅತ್ತೆಗೆ ಹೇಳಿದಳು. ಅತ್ತೆ ಕೆಳಗಿನ ಮನೆಯ ಓನರ್ ಆಂಟಿಗೆ ಹೇಳಿದರು. ಮನೆಯ ಯಜಮಾನನಾದ ನನಗೆ ವಿಷಯ ತಿಳಿದದ್ದು ಒಂಬತ್ತೂವರೆಗೆ, ಅದೂ ಓನರ್ ಆಂಟಿಯಿಂದ.

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಸಣ್ಣದೊಂದು ತೊಂದರೆ ಬರುತ್ತದೆ, ನಾವೆಲ್ಲ ಸೇರಿ ಅದನ್ನು ದೊಡ್ಡದು ಮಾಡುತ್ತೇವೆ, ಆಮೇಲೆ ಯಾರೋ ಹೊರಗಿನವರು ಬಂದು ಸರಿ ಮಾಡಿ ಹೋಗುತ್ತಾರೆ. ಈ ಬರಹ ಹಾಗೆ ಬಂದು ಹೋದ ಒಬ್ಬರಿಗೆ ಸಲ್ಲಬೇಕು.

ಹೊಸೂರು ರಸ್ತೆಯ ಮೇಲ್ಸೇತುವೆಗೆ ಕಂಬ ಎಬ್ಬಿಸುತ್ತಿದ್ದ ದಿನಗಳವು. ಊರಿಗೆ ಊರೇ ಧೂಳಿನ ಬಣ್ಣವಾಗಿತ್ತು. ಅಂಥ ಜಾಗಕ್ಕೆ ಉದ್ದ ಕೂದಲಿನ ಬಿಳಿ ನಾಯಿಮರಿಯನ್ನು ತಂದವನು ನಾನೇ. ಪುಣೆಗೆ ವರ್ಗವಾದ ಸಹೋದ್ಯೋಗಿಯೊಬ್ಬರು ಕೊಟ್ಟದ್ದು. ಟಿಬೆಟ್ಟಿನ ಕಡೆಯ ತಳಿ, ಅಲ್ಲಿಯ ಚಳಿಗೆ ತಕ್ಕ ಕೂದಲು ಎಂದು ಹೇಳಿದ್ದರು. ಆ ಕೂದಲನ್ನು ದಿನಾ ಬಾಚಬೇಕು ಎಂಬುದನ್ನು ರೈಲು ಹತ್ತಿದ ಮೇಲೆ ಫೋನಿನಲ್ಲಿ ಹೇಳಿದರು. ಮಗಳು ಮರಿಗೆ ದಿನಕ್ಕೊಂದು ಹೆಸರಿಡುತ್ತಿದ್ದುದರಿಂದ ಉಳಿದವರು ಅದನ್ನು ಮರಿ ಎಂದೇ ಕರೆಯುತ್ತಿದ್ದೆವು.

ಕೊಬ್ಬರಿ ಎಣ್ಣೆ

ತಲೆಗೂದಲಿಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ನಮ್ಮ ಅತ್ತೆಯ ಮಾತೇ ಕೊನೆಯದು. ಅವರು ಗಂಟನ್ನು ಒಮ್ಮೆ ಹಿಸುಕಿ ನೋಡಿದರು.

"ಎಣ್ಣೆ ಕಾಣದ ಕೂದ್ಲು ಇನ್ನೇನಾಗುತ್ತೆ? ಇವಳಿಗೂ ಚಿಕ್ಕೋಳಿದ್ದಾಗ ಹೀಗೇ ಆಗ್ತಿತ್ತು" ಎಂದು ನನ್ನ ಹೆಂಡತಿಯ ಕಡೆ ಕೈ ತೋರಿಸಿದರು.

ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಬೆಚ್ಚಗಾಗಿ ಬಂತು. ಗಂಟಿಗೆ ಹಚ್ಚಿದ್ದರೆ ಮುಗಿಯುತ್ತಿತ್ತು. ಅತ್ತೆಗೆ ಅರೆಬರೆ ಕೆಲಸ ಆಗುವುದಿಲ್ಲ, ಮೂಗಿನಿಂದ ಬಾಲದವರೆಗೆ ತಿಕ್ಕಿದರು. ಮರಿ ಅವರ ಕೈಯಿಂದ ಜಾರಿ, ಮೆಟ್ಟಿಲು ಇಳಿದು, ಗೇಟಿನ ಸಂದಿಯಿಂದ ರಸ್ತೆಗೆ ಹೋಯಿತು. ಹದಿನೈದು ನಿಮಿಷದಲ್ಲಿ ತಾನಾಗೇ ವಾಪಸ್ ಬಂತು. ಬರುವಾಗ ಹೊಸೂರು ರಸ್ತೆಯ ಒಂದಿಷ್ಟನ್ನು ಮೈಮೇಲೆ ತಂದಿತ್ತು.

ಅದನ್ನು ತೊಳೆಯಲು ಬಿಸಿನೀರು, ಶಾಂಪೂ, ಮತ್ತೆ ಬಿಸಿನೀರು. ಟವೆಲಿನಲ್ಲಿ ಸುತ್ತಿ ಚೆನ್ನಾಗಿ ಉಜ್ಜಿದೆವು. ಸಂಜೆ ಒಣಗಿದ ಮೇಲೆ ನೋಡಿದರೆ ಒಂದಿದ್ದ ಗಂಟು ಐದಾಗಿತ್ತು. ಎರಡೂ ಕಂಕುಳಲ್ಲಿ ಒಂದೊಂದು, ಕೊರಳಪಟ್ಟಿಯ ಕೆಳಗೆ ಒಂದು, ಹೊಟ್ಟೆಯಲ್ಲಿ ಒಂದು. ಎಡಗಿವಿಯ ಹಿಂದಿನದು ಬೆರಳಲ್ಲಿ ತಟ್ಟಿದರೆ ಶಬ್ದ ಬರುವಷ್ಟು ಗಟ್ಟಿಯಾಗಿತ್ತು.

ಅತ್ತೆ ದೂರದಿಂದಲೇ ನೋಡಿ ಹೇಳಿದರು: "ಎಣ್ಣೆ ಸಾಲದಾಯ್ತು."

ಗಡುವು

ಅಂದು ರಾತ್ರಿಯೇ ಮರಿಯನ್ನು ಪಶುವೈದ್ಯರ ಹತ್ತಿರ ಒಯ್ದೆವು. ಅವರು ಆನೇಕಲ್ ಕಡೆ ಮೂವತ್ತು ವರ್ಷ ಹಸು ಎಮ್ಮೆ ನೋಡಿದವರು. ನಿವೃತ್ತರಾಗಿ ಭಾನುವಾರ ಮಾತ್ರ ನಾಯಿ ನೋಡುತ್ತಿದ್ದರು. ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿದಾಗ, ಉಳಿದದ್ದು ಎಲ್ಲಿ ಎನ್ನುವಂತೆ ಸುತ್ತ ನೋಡಿದರು. ಆಮೇಲೆ ಗಂಟುಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ಇಣುಕಿದರು.

"ಗಂಟು ಅಂದ್ರೆ ಬರೀ ಚಂದ ಕೆಡೋದಲ್ಲ ಕಣ್ರೀ. ಇದು ಚರ್ಮ ಎಳೀತಾ ಇದೆ. ಒಂದೊಂದು ಹೆಜ್ಜೆಗೂ ಇದಕ್ಕೆ ನೋವು. ಒಳಗೆ ಗಾಳಿ ಆಡದೆ ಹುಣ್ಣಾಗುತ್ತೆ. ಮುಂದಿನ ಭಾನುವಾರದ ಹೊತ್ತಿಗೆ ಬಿಡಿಸಿ. ಆಗ್ಲಿಲ್ಲ ಅಂದ್ರೆ ಕರ್ಕೊಂಡು ಬನ್ನಿ, ಪೂರ್ತಿ ಬೋಳಿಸಿಬಿಡ್ತೀನಿ."

ಡಿಸೆಂಬರ್ ತಿಂಗಳು. ಮಗಳು ಮನೆಗೆ ಬಂದು ತನ್ನ ಎರಡೂ ಜಡೆಗಳನ್ನು ಕೈಯಲ್ಲಿ ಹಿಡಿದುಕೊಂಡು, ಮರಿಯನ್ನು ಬೋಳಿಸಿದರೆ ತಾನೂ ಬೋಳಿಸಿಕೊಳ್ಳುವುದಾಗಿ ತಿಳಿಸಿದಳು.

ಅತ್ತೆಗೆ ಇದರಲ್ಲಿ ತೊಂದರೆಯೇನೂ ಕಾಣಲಿಲ್ಲ. "ಹಾಗಾದ್ರೆ ಇಬ್ರನ್ನೂ ತಿರುಪತಿಗೇ ಕರ್ಕೊಂಡು ಹೋಗೋಣ. ಹರಕೆನೂ ಒಂದು ಬಾಕಿ ಇದೆ."

ಯಾಕೆ, ಯಾಕೆ, ಯಾಕೆ

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ನನ್ನದು ಗುಣಮಟ್ಟ ವಿಭಾಗ. ಅಲ್ಲಿ ಏನೇ ಕೆಟ್ಟರೂ ನಾಲ್ಕು ಜನ ಮೇಜಿನ ಸುತ್ತ ಕೂತು ಐದು ಸಲ ಯಾಕೆ ಎಂದು ಕೇಳಬೇಕು. ಐದನೆಯ ಯಾಕೆಗೆ ಮೂಲ ಕಾರಣ ಸಿಗುತ್ತದೆ. ಸಿಗದಿದ್ದರೂ ನಮೂನೆಯಲ್ಲಿ ಜಾಗ ಮುಗಿಯುತ್ತದೆ. ಸೋಮವಾರ ಊಟದ ಹೊತ್ತಿಗೆ ನಾನು ನಾಯಿಯ ವಿಷಯವನ್ನು ಮೇಜಿಗೆ ತಂದೆ.

ಗಂಟು ಯಾಕಾಯಿತು? ಬಾಚಲಿಲ್ಲ. ಯಾಕೆ ಬಾಚಲಿಲ್ಲ? ಬಾಚಣಿಗೆ ಕಂಡರೆ ಮರಿ ಓಡುತ್ತದೆ. ಯಾಕೆ ಓಡುತ್ತದೆ? ಎಳೆದರೆ ನೋಯುತ್ತದೆ. ಯಾಕೆ ಎಳೆಯುತ್ತೀರಿ? ಗಂಟಾಗಿದೆ. ಗಂಟು ಯಾಕಾಯಿತು?

ಹೊರಟಲ್ಲಿಗೇ ಬಂದೆವು ಎಂದು ನಾನಂದೆ. ವಿಭಾಗದ ಮುಖ್ಯಸ್ಥರು ಒಪ್ಪಲಿಲ್ಲ. ಐದು ಆಯಿತಲ್ಲ ಎಂದರು.

ಪಕ್ಕದ ಬೆಂಚಿನಲ್ಲಿ ಬುತ್ತಿ ಬಿಚ್ಚಿದ್ದ ಹಳೆಯ ಆಪರೇಟರ್ ಒಬ್ಬರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಕಾರ್ಖಾನೆ ಬರುವ ಮೊದಲಿನಿಂದಲೂ ಅದೇ ಹಳ್ಳಿಯವರು.

"ಸಾ, ಮೊದಲ್ನೇ ಗಂಟು ಎಡಗಿವಿ ತಾವಲೇ ಯಾಕಾಯ್ತು? ಬಲಗಿವಿ ಚೆನ್ನಾಗದೆ ಅಂತೀರಿ. ಬಾಚ್ದೇ ಇದ್ರೆ ಎರಡೂ ಕಡೀಕೂ ಆಗ್‌ಬೇಕಿತ್ತಲ್ವಾ?"

ಅದು ಒಳ್ಳೆಯ ಪ್ರಶ್ನೆ. ಆದರೆ ಆರನೆಯದು. ನಮೂನೆಯಲ್ಲಿ ಜಾಗ ಮುಗಿದಿತ್ತು.

ನಮ್ಮಲ್ಲಿ ಮೂಲ ಕಾರಣ ಏನೇ ಇದ್ದರೂ ಪರಿಹಾರ ಒಂದೇ. ಮುಖ್ಯಸ್ಥರು ಅದನ್ನು ತಾವೇ ಬರೆದುಕೊಟ್ಟರು: "ಸಂಬಂಧಪಟ್ಟವರಿಗೆ ತರಬೇತಿ ಸಾಲದು. ನಾಯಿಗೆ ತರಬೇತಿ ನೀಡಿ, ಹಾಜರಿ ಹಾಳೆಗೆ ಸಹಿ ಪಡೆಯತಕ್ಕದ್ದು."

ಹಿಟ್ಟು

ಮಂಗಳವಾರ ಆಫೀಸಿನ ಇಂಟರ್‌ನೆಟ್ಟಿನಲ್ಲಿ ಓದಿದೆ. ಗಂಟಿನ ಮೇಲೆ ಕಾರ್ನ್‌ಫ್ಲೋರ್ ಉದುರಿಸಿದರೆ ಕೂದಲು ಜಾರುತ್ತದಂತೆ, ಬೆರಳಲ್ಲಿ ಬಿಡಿಸಬಹುದಂತೆ. ಎಷ್ಟು ಉದುರಿಸಬೇಕೆಂದು ಓದುವಷ್ಟರಲ್ಲಿ ಮೀಟಿಂಗಿಗೆ ಕರೆ ಬಂತು. ಹಾಗಾಗಿ ಒಂದು ಪೊಟ್ಟಣ ಪೂರ್ತಿ ಬಳಸಿದೆ.

ಆ ಹೊತ್ತಿಗೆ ಮರಿ ನನ್ನ ಕಾಲ ಸಪ್ಪಳ ಕೇಳಿದರೇ ಮಂಚದ ಕೆಳಗೆ ಹೋಗುತ್ತಿತ್ತು. ಅದಕ್ಕಿಂತ ಮೊದಲು ಕೆಲಸದಿಂದ ಬಂದು ಸೋಫಾದಲ್ಲಿ ಕೂತರೆ ಹಾರಿ ಬಂದು ಪಕ್ಕದಲ್ಲಿ ಒರಗುತ್ತಿದ್ದ ಪ್ರಾಣಿ. ಈಗ ಮನೆಯಲ್ಲಿ ಬಾಚಣಿಗೆ ಹಿಡಿಯುವವನು ನಾನೊಬ್ಬನೇ. ಗಂಟಿಗಿಂತ ಇದೇ ನನಗೆ ಹೆಚ್ಚು ಕಷ್ಟವಾಗಿತ್ತು. ಮನೆಯಲ್ಲಿ ಅದನ್ನು ಹೇಳಲಿಲ್ಲ.

ಮರಿಯನ್ನು ಮಂಚದ ಕೆಳಗಿನಿಂದ ಎಳೆದು, ನಡುಮನೆಯಲ್ಲಿ ಪೇಪರ್ ಹಾಸಿ, ಪೊಟ್ಟಣ ಸುರಿದಾಗ ಓನರ್ ಆಂಟಿ ನೀರಿನ ಮೋಟರ್ ವಿಷಯ ಮಾತಾಡಲು ಮೇಲೆ ಬಂದರು. ಬಾಗಿಲಲ್ಲೇ ನಿಂತು ಮರಿಯನ್ನೂ ಪೊಟ್ಟಣವನ್ನೂ ನೋಡಿದರು. ಗೋಬಿ ಮಂಚೂರಿ ಮಾಡುವುದರಲ್ಲಿ ಅವರದು ಪಳಗಿದ ಕೈ.

"ಎಣ್ಣೆ ಕಾಯಕ್ಕಿಟ್ಟಿದ್ದೀರಾ?" ಎಂದು ಕೇಳಿ, ಮೋಟರ್ ವಿಷಯ ನಾಳೆ ಹೇಳುತ್ತೇನೆಂದು ಇಳಿದು ಹೋದರು.

ದಬ್ಬಣ

ಪಕ್ಕದ ಸೈಟಿನಲ್ಲಿ ಮೂರು ಮಹಡಿ ಏಳುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರು ಕೊಪ್ಪಳದ ಕಡೆಯವರು. ಅವರಲ್ಲಿ ಒಬ್ಬ ಹೆಂಗಸು, ಐವತ್ತರ ಆಸುಪಾಸು, ದಿನಾ ಮಧ್ಯಾಹ್ನ ನಮ್ಮ ಗೇಟಿನ ಬಳಿಯ ಚಪ್ಪಡಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಶನಿವಾರ ನನಗೆ ರಜೆ. ಗಡುವಿಗೆ ಒಂದು ದಿನ ಉಳಿದಿತ್ತು. ಮರಿಯನ್ನು ಗೇಟಿನ ಹತ್ತಿರ ಬಿಸಿಲಿಗೆ ತಂದು, ಮಡಿಲಲ್ಲಿ ಅದುಮಿಕೊಂಡು, ಹಿಟ್ಟಿಗೂ ಬಗ್ಗದ ಕಿವಿಯ ಗಂಟನ್ನು ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಮಾಡುತ್ತಿದ್ದೆ. ಮರಿ ಕಿರುಚುತ್ತಿತ್ತು.

ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಅಣ್ಣಾರ, ಒಂದ ಮಾತ ಕೇಳ್ತೀನ್ರಿ. ನೀವು ನಾಯಿ ಸಾಕಾಕ ಹತ್ತೀರೋ, ಕಂಬಳಿ ಮಾಡಾಕ ಹತ್ತೀರೋ?"

ನಾಯಿ ಎಂದೆ.

"ಹಂಗಾದ್ರ ಆ ನೀರು ಬಿಡ್ರಿ ಮೊದಲ. ಉಣ್ಣೆಗೆ ನೀರು ಹಾಕಿ ತಿಕ್ಕಿದ್ರ ಅದು ಬಿಗೀತೈತಿ. ನಮ್ಮೂರಾಗ ಕಂಬಳಿ ಹಂಗ ಗಟ್ಟಿ ಮಾಡೂದು. ಒಣಾ ಇದ್ದಾಗನ ಬಿಡಿಸಬೇಕ್ರಿ, ಆಮ್ಯಾಲೆ ತೊಳೀಬೇಕು. ಕೊಡ್ರಿಲ್ಲಿ."

ಅವರ ಮನೆತನ ಕುರಿ ಸಾಕಿ ಕಂಬಳಿ ನೇಯ್ದದ್ದಂತೆ. ಒದ್ದೆಯಾದ ಕಿವಿ ಬಿಸಿಲಿಗೆ ಒಣಗುವವರೆಗೆ ಮರಿಯನ್ನು ಮುಟ್ಟಲೇ ಇಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ಮುಗಿಸಿದರು. ಆಮೇಲೆ ಕಾಲು ಚಾಚಿ, ಮರಿಯನ್ನು ಮೊಣಕಾಲುಗಳ ನಡುವೆ ಅಂಗಾತ ಮಲಗಿಸಿದರು. ನನ್ನ ಬಾಚಣಿಗೆ ಬೇಡವೆಂದರು. ಸೊಂಟದ ಚೀಲದಿಂದ ಗೋಣಿ ಹೊಲಿಯುವ ದಬ್ಬಣ ತೆಗೆದರು.

ಎಡಗೈಯ ಎರಡು ಬೆರಳಲ್ಲಿ ಗಂಟಿನ ಬುಡದ ಕೂದಲನ್ನು ಒತ್ತಿ ಹಿಡಿದರು, ಚರ್ಮಕ್ಕೆ ಎಳೆತ ತಾಗದ ಹಾಗೆ. ದಬ್ಬಣದ ಮೊನೆಯನ್ನು ಹೊರಮುಖವಾಗಿಟ್ಟು ಗಂಟನ್ನು ಉದ್ದಕ್ಕೆ ಎರಡಾಗಿ ಸೀಳಿದರು, ಎರಡನ್ನು ನಾಲ್ಕು ಮಾಡಿದರು. ಆಮೇಲೆ ತುದಿಯಿಂದ ಶುರು ಮಾಡಿ ಎಳೆ ಎಳೆಯಾಗಿ ಬೆರಳಲ್ಲೇ ಬಿಡಿಸುತ್ತ ಬುಡಕ್ಕೆ ಬಂದರು. ನಾವು ಒಂದು ವಾರ ಬುಡದಿಂದ ಎಳೆದಿದ್ದೆವು.

"ಹಿಂಡಿನಾಗ ಇಂಥಾವು ನೂರ ಇರ್ತಾವ್ರಿ. ನಿಮ್ಮದೊಂದಕ್ಕ ಇಷ್ಟ ಗದ್ದಲ."

ಮರಿ ಒಮ್ಮೆಯೂ ಕಿರುಚಲಿಲ್ಲ. ಎರಡನೆಯ ಗಂಟಿನ ಹೊತ್ತಿಗೆ ನಿದ್ದೆ ಹೋಗಿತ್ತು. ನನ್ನ ಹೆಂಡತಿ ಚಹಾ ತಂದಳು, ಮಗಳು ಬಂದಳು, ಅತ್ತೆ ಕುರ್ಚಿ ತರಿಸಿಕೊಂಡು ಕೂತರು. ಆಕೆ ನಾಲ್ಕು ಗಂಟು ಬಿಡಿಸಿ, ಕೊನೆಗೆ ಕಿವಿಯ ಹಿಂದಿನದಕ್ಕೆ ಕೈ ಹಾಕಿದರು. ಅರ್ಧ ಬಿಡಿಸಿ ನಿಲ್ಲಿಸಿದರು. ಎಳೆಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಉಳಿದಾವು ನೀರಿಗೆ ಆಗಿದ್ದು. ಇದು ಬ್ಯಾರೆ. ಇದನ್ನ ಯಾರೋ ದಿನಾ ಕೂತು ಮಾಡ್ಯಾರ. ದುಂಡಗ ತಿರುವಿ ತಿರುವಿ. ನಮ್ಮವ್ವ ಅಂಗೈಯಾಗ ಉಣ್ಣೆ ಉಂಡಿ ಮಾಡ್ತಿದ್ಲು, ಥೇಟ ಹಂಗ. ಯಾರ್ರಿ ಅದು?"

ಅತ್ತೆ ಓನರ್ ಆಂಟಿಯ ಕಿಟಕಿಯ ಕಡೆ ನೋಡಿದರು. ಆಕೆ ಕೊನೆಯ ಎಳೆ ಬಿಡಿಸಿ ಮರಿಯನ್ನು ನೆಲಕ್ಕೆ ಬಿಟ್ಟರು.

ಮರಿ ಮೈ ಕೊಡವಿತು. ನಾಲ್ಕು ಹೆಜ್ಜೆ ಇಟ್ಟು, ಎಲ್ಲೂ ನೋಯುತ್ತಿಲ್ಲವೆಂದು ಗೊತ್ತಾಗಿ ನಿಂತಿತು. ನಾನು ಗೇಟಿನ ಕಟ್ಟೆಯ ಮೇಲೆ ಕೂತಿದ್ದೆ. ವಾರದಿಂದ ನನ್ನನ್ನು ಕಂಡರೆ ಓಡುತ್ತಿದ್ದ ಮರಿ ಹಾರಿ ಬಂದು ನನ್ನ ಬಲಗಡೆ ಒರಗಿ, ಎಡಗಿವಿಯನ್ನು ನನ್ನ ಬಲಗೈಯ ಕೆಳಗೆ ತೂರಿಸಿತು. ನನ್ನ ಬೆರಳು ತಾನಾಗೇ ದುಂಡಗೆ ತಿರುಗತೊಡಗಿತು, ದಿನಾ ಸಂಜೆ ಟಿವಿಯಲ್ಲಿ ವಾರ್ತೆ ನೋಡುತ್ತಾ ತಿರುಗುವ ಹಾಗೆ.

ನಾಲ್ಕು ಜನ ನನ್ನ ಬೆರಳನ್ನು ನೋಡುತ್ತಿದ್ದರು. ಕಾರ್ಖಾನೆಯ ಆ ಹಿರಿಯರ ಆರನೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

"ಸಿಕ್ಕರು ನೋಡ್ರಿ ಕಂಬಳಿಯವರು" ಎಂದರು ಆಕೆ.

ನನ್ನ ಹೆಂಡತಿ ತನ್ನ ಜಡೆಯನ್ನು ಮುಂದಕ್ಕೆ ಎಳೆದು ತುದಿಯವರೆಗೆ ಕೈಯಾಡಿಸಿದಳು. "ನಮ್ಮ ಮದುವೆಯಾಗಿ ಹದಿಮೂರು ವರ್ಷ ಆಯ್ತಕ್ಕ. ನೋಡಿ, ಒಂದೇ ಒಂದು ಗಂಟಿಲ್ಲ."

ಆ ಕೊಪ್ಪಳದಾಕೆ ನಕ್ಕ ನಗು ಮೂರನೆಯ ಮಹಡಿಯ ಗಾರೆಯವರಿಗೂ ಕೇಳಿಸಿತು. ಅತ್ತೆ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ನಾನು ಬೆರಳು ನಿಲ್ಲಿಸಿದೆ.

ಇಷ್ಟಕ್ಕೆ ನಾವು ಏನು ಕೊಟ್ಟರೂ ಅವರು ತೆಗೆದುಕೊಳ್ಳಲಿಲ್ಲ. ಬಿಡಿಸುವಾಗ ಉದುರಿದ ಕೂದಲನ್ನು ಬೆರಳುಗಳ ನಡುವೆ ಹೊಸೆಯುತ್ತಾ, "ಇಲ್ಲಿಗೆ ಬಂದಾಗಿಂದ ಸಿಮೆಂಟ್ ಬಿಟ್ಟು ಬ್ಯಾರೆ ಏನೂ ಹಿಡಿದಿರಲಿಲ್ರಿ ಈ ಕೈಯಾಗ. ದಿನಾ ಉಣ್ಣೂ ಹೊತ್ತಿಗೆ ಇದನ್ನ ಹೊರಗ ಬಿಡ್ರಿ, ಸಾಕು" ಎಂದರು. ಕಟ್ಟಡ ಮುಗಿಯುವವರೆಗೆ ಮರಿಯ ಮಧ್ಯಾಹ್ನದ ಊಟ ಅವರ ಜೊತೆ ನಡೆಯಿತು. ಹೊರಡುವ ದಿನ ದಬ್ಬಣವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ನನಗೆ ಕೊಡಲಿಲ್ಲ. ಅವರು ಹೇಳಿಕೊಟ್ಟ ಹಾಗೆ ಇವತ್ತಿಗೂ ಮರಿಯನ್ನು ಒಣಗಿದ್ದಾಗಲೇ, ತುದಿಯಿಂದ ಬುಡಕ್ಕೆ ಬಾಚುತ್ತೇವೆ. ಬಾಚುವಾಗೆಲ್ಲ ಅವರ ನೆನಪಾಗುತ್ತದೆ.

ಆ ಭಾನುವಾರ ವೈದ್ಯರಿಗೆ ಬೋಳಿಸಲು ಏನೂ ಸಿಗಲಿಲ್ಲ. ಉಗುರು ಕತ್ತರಿಸಿ ಕಳಿಸಿದರು. ಮಗಳ ಜಡೆಗಳು ಉಳಿದವು.

ಮನೆಯ ಆದೇಶದಂತೆ ನಾನು ಅಂದಿನಿಂದ ಸೋಫಾದ ಬಲತುದಿಯಲ್ಲಿ ಕೂರುತ್ತೇನೆ. ನನ್ನ ಬಲಗಡೆ ಈಗ ಗೋಡೆ. ಮರಿ ಎಡಗಡೆ ಕೂರುತ್ತದೆ.

ಕಳೆದ ವಾರ ಬಲಗಿವಿಯ ಹಿಂದೆ ಒಂದು ಗಂಟು ಸಿಕ್ಕಿತು. ಗಾತ್ರ ಕಡಲೆಕಾಳಿನಷ್ಟು. ಬಿಡಿಸಲಾಯಿತು.