ಹದಿನಾಲ್ಕು ಜೇಬಿನ ಅಂಗಿ

ಶುಕ್ರವಾರ ಊಟದ ಹೊತ್ತಿನಲ್ಲಿ ಪ್ರಾಣೇಶ ದುಡುಕಿ ಒಂದು ಮಾತಾಡಿಬಿಟ್ಟ.

ಬಾಸ್ ಕೆಲ್ಲರ್ ಟ್ರೌಟ್ ಮೀನಿನ ವಿಷಯ ತೆಗೆದಿದ್ದರು. ಅಮೆರಿಕದ ಎಡಿಸನ್ ಊರಿನ ಆ ಕಂಪನಿಯಲ್ಲಿ ಪ್ರಾಣೇಶ ಮೂರು ವರ್ಷದಿಂದ ನಕ್ಷೆ ಬರೆಯುತ್ತಿದ್ದರೂ ಅವನ ಹೆಸರು ಅವರ ನಾಲಿಗೆಗೆ ಹತ್ತಿರಲಿಲ್ಲ. ಈಗ ಸೀನಿಯರ್ ಹುದ್ದೆಯೊಂದು ಖಾಲಿಯಿತ್ತು. ಅವರ ಕಣ್ಣಿಗೆ ಬೀಳಲು ಇದೇ ಸಮಯವೆಂದು, "ನಾನು ಕಾವೇರಿ ದಂಡೆಯವನು ಸರ್. ಹುಟ್ಟಿದಾಗಿನಿಂದ ಮೀನು ಹಿಡಿದೇ ಬೆಳೆದವನು" ಅಂದ. ಅವನದು ಈರುಳ್ಳಿಯನ್ನೂ ಕದ್ದುಮುಚ್ಚಿ ತಿನ್ನುವ ಮನೆತನ.

ಕೆಲ್ಲರ್ ಮುಖ ಅರಳಿತು. "ಹಾಗಾದರೆ ನಾಳೆ ಮಧ್ಯಾಹ್ನ ಸಿದ್ಧವಾಗಿರಿ. ನಾನೇ ಬಂದು ಕರೆದುಕೊಂಡು ಹೋಗ್ತೀನಿ."

ಶನಿವಾರ ಬೆಳಿಗ್ಗೆ ಸುದ್ದಿ ಕೇಳಿ ಹೆಂಡತಿ ಭಾನುಮತಿ ಸೌಟು ಹಿಡಿದೇ ಹೊರಗೆ ಬಂದಳು. "ನೀವಾ? ಮೀನಾ? ಸೂಪರ್‌ಮಾರ್ಕೆಟ್ಟಲ್ಲಿ ಆ ಕಡೆ ಹೋದ್ರೇನೇ ಮೂಗು ಮುಚ್ಕೋತೀರಲ್ರೀ!"

ಅವಳ ದನಿಗೆ ಮೇಲಿನ ಮನೆಯ ಧಾರವಾಡದ ಸಿದ್ದರಾಮಪ್ಪ ಇಳಿದು ಬಂದರು. ಅವರಿಗೆ ತಿಳಿಯದ ವಿಷಯವೆಂಬುದು ಇಡೀ ನ್ಯೂಜೆರ್ಸಿಯಲ್ಲಿ ಇರಲಿಲ್ಲ.

"ಅಂಜಬ್ಯಾಡ್ರಿ ಪ್ರಾಣೇಶರ. ಲೈಬ್ರರ್ಯಾಗ ನಾ ಓದೀನಿ. ಈ ಟ್ರೌಟಿನ ಕಣ್ಣು ಭಾಳ ಚುರುಕ. ಬಿಳಿ ಅಂಗಿ ಕಂಡ್ರ ಓಡಿ ಹೋಗ್ತಾವ. ಗಿಡದ ಬಣ್ಣದ್ದ ಬೇಕು. ನಡೀರಿ ಅಂಗಡಿಗೆ!"

ರೂಟ್ ಒನ್ ಹೆದ್ದಾರಿಯ ಮೇಲಿನ ಅಂಗಡಿಯವನು ಎರಡು ಗಾಳದ ಕೋಲು ತಂದಿಟ್ಟ. ತೆಳ್ಳಗಿರುವುದು ಟ್ರೌಟಿಗೆ, ಉದ್ದನೆಯ ದಪ್ಪದ್ದು ಸಾಲ್ಮನ್ ಎಂಬ ದೊಡ್ಡ ಮೀನಿಗೆ ಎಂದ. ಪ್ರಾಣೇಶನ ಕೈ ತೆಳ್ಳಗಿನದರತ್ತ ಹೋಯಿತು.

"ದೊಡ್ಡದ ತಗೋರಿ" ಎಂದು ಸಿದ್ದರಾಮಪ್ಪ ತಡೆದರು. "ಸಣ್ಣ ಕೋಲು ಹಿಡದಾಂವಗ ದೊಡ್ಡ ನೌಕರಿ ಯಾರು ಕೊಡ್ತಾರ?"

ಪ್ರಾಣೇಶ ದೊಡ್ಡದನ್ನೇ ಎತ್ತಿಕೊಂಡ. ಕೋಲಿನ ಹಿಂದೆ ಎದೆಮಟ್ಟದ ರಬ್ಬರ್ ಪ್ಯಾಂಟು ಬಂತು, ಹದಿನಾಲ್ಕು ಜೇಬಿನ ಹಸಿರು ಅಂಗಿ ಬಂತು, ಮೀನಿಗೆ ಆಸೆ ಹುಟ್ಟಿಸಲು ಬಣ್ಣದ ಗರಿಯಿಂದ ಮಾಡಿದ ಹುಳುಗಳನ್ನು ಸುತ್ತಲೂ ಚುಚ್ಚಿದ ಟೋಪಿ ಬಂತು. ಮನೆಗೆ ಬಂದಾಗ ಭಾನುಮತಿ, "ಏಪ್ರಿಲ್ ಚಳಿ ನಂಬಕ್ಕಾಗಲ್ಲ" ಎಂದು ಒಳಗೆ ಎರಡು ಸ್ವೆಟರ್ ತುರುಕಿದಳು. ಖಾಲಿ ಜೇಬು ನೋಡಲಾರದೆ ಅವಲಕ್ಕಿ, ಅಮೃತಾಂಜನ, ಕರವಸ್ತ್ರ ತುಂಬಿದಳು. ಪ್ರಾಣೇಶ ಮೆಟ್ಟಿಲಿಳಿದಾಗ ವಿಸರ್ಜನೆಗೆ ಹೊರಟ ಗಣಪತಿಯ ಹಾಗೆ ಕಾಣುತ್ತಿದ್ದ.

ಕೆಲ್ಲರ್ ಬಂದರು. ಮಾಸಿದ ಜೀನ್ಸು, ಹರಕು ಕ್ಯಾನ್ವಾಸ್ ಶೂ. ಪ್ರಾಣೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಲ್ಲಗೆ, "ನಿಮ್ಮ ಮುಂದೆ ನಾನು ಏನೂ ಅಲ್ಲ ಬಿಡಿ" ಎಂದರು. ಸಾಲ್ಮನ್ ಕೋಲು ಕಾರಿನೊಳಗೆ ಹಿಡಿಸಲಿಲ್ಲ. ದಾರಿಯುದ್ದಕ್ಕೂ ಅದನ್ನು ಕಿಟಕಿಯಿಂದ ಹೊರಗೆ ಹಿಡಿದುಕೊಂಡೇ ಪ್ರಾಣೇಶ ಕೂತ.

ಹೊಳೆಯ ದಂಡೆಯಲ್ಲಿ ಹತ್ತಾರು ಜನರಿದ್ದರು. ಎಲ್ಲರ ಎದೆಯ ಮೇಲೋ ಟೋಪಿಯ ಮೇಲೋ ಒಂದೊಂದು ಚೀಟಿ. ಬೆಲೆಯ ಚೀಟಿ ಕೀಳುವುದನ್ನು ಮರೆತಿದ್ದಾರೆ, ಪಾಪ, ಎಂದುಕೊಂಡ ಪ್ರಾಣೇಶ.

ಅವನು ಬೀಸಿದ ಮೊದಲ ಗಾಳ ಮರಕ್ಕೆ ಸಿಕ್ಕಿತು. ಎರಡನೆಯದು ಕೆಲ್ಲರ್ ಅವರ ಟೋಪಿಯನ್ನು ಎತ್ತಿಕೊಂಡು ಹೋಯಿತು. ಮೂರನೆಯದಕ್ಕೆ ಅವನೇ ನೀರಿಗೆ ಬಿದ್ದ. ರಬ್ಬರ್ ಪ್ಯಾಂಟಿನೊಳಗೆ ಹೊಳೆಯೇ ನುಗ್ಗಿತು. ಕೆಲ್ಲರ್ ಕಷ್ಟಪಟ್ಟು ದಡಕ್ಕೆ ಎಳೆದರು.

"ಇದು ಕಾವೇರಿಯ ಪದ್ಧತಿಯಾ?"

"ಹೌದು ಸರ್" ಎಂದ ಪ್ರಾಣೇಶ, ಹಲ್ಲು ಕಟಕಟಿಸುತ್ತ. "ಮೊದಲು ನೀರಿನ ಆಳ ನೋಡ್ಕೋತೀವಿ."

ಕೆಲ್ಲರ್ ಟೋಪಿ ಹುಡುಕಲು ಕೆಳದಂಡೆಗೆ ಹೋದರು. ಅಷ್ಟರಲ್ಲಿ ಖಾಕಿ ತೊಟ್ಟ ಮೀನುಗಾವಲಿನ ಅಧಿಕಾರಿಯೊಬ್ಬ ಎದುರು ಬಂದು ನಿಂತ. "ಲೈಸೆನ್ಸ್?"

ಪ್ರಾಣೇಶ ಹದಿನಾಲ್ಕೂ ಜೇಬು ತಡಕಿ, ಅವಲಕ್ಕಿ ಮೆತ್ತಿದ ಡ್ರೈವಿಂಗ್ ಲೈಸೆನ್ಸ್ ತೆಗೆದ.

"ಇದು ಕಾರಿಗೆ. ಮೀನಿಗೆ ಬೇರೆ ಇದೆ. ಎಲ್ಲರೂ ಎದೆಗೆ ಸಿಕ್ಕಿಸಿಕೊಂಡಿದ್ದಾರಲ್ಲ, ಅದು." ಅಧಿಕಾರಿ ಅವನ ವೇಷವನ್ನು ಅನುಮಾನದಿಂದ ನೋಡಿದ. "ಮೊದಲ ಸಲ ಬಂದವರಾದರೆ ಎಚ್ಚರಿಕೆ ಕೊಟ್ಟು ಬಿಡ್ತೀನಿ. ನಿಜ ಹೇಳಿ, ಮೊದಲ ಸಲವಾ?"

ಪ್ರಾಣೇಶ ಸುತ್ತ ನೋಡಿದ. ನೀರು, ಚಳಿ, ನಾಚಿಕೆ ಎಲ್ಲ ಸೇರಿ ಅವನಲ್ಲಿದ್ದ ಕೊನೆಯ ಜಂಬವೂ ತೊಳೆದುಹೋಗಿತ್ತು. "ಹೌದು ಸರ್. ಜನ್ಮದಲ್ಲಿ ಇದೇ ಮೊದಲು. ನನಗೆ ಏನೂ ಬರಲ್ಲ" ಎಂದ. ಹೇಳಿದ ಮೇಲೆ ಎದೆ ಹಗುರಾಯಿತು.

ಬೆನ್ನ ಹಿಂದೆಯೇ ಕೆಲ್ಲರ್ ದನಿ ಕೇಳಿತು. "ಮೊದಲ ಸಲವಾ? ಹುಟ್ಟಿದಾಗಿನಿಂದ ಮೀನು ಹಿಡಿದವರು ಇವರು! ಈ ಕೋಲು ನೋಡಿ, ಈ ಅಂಗಿ ನೋಡಿ!"

ಅಧಿಕಾರಿ ನೋಡಿದ. ಪುಸ್ತಕ ತೆಗೆದು ದಂಡ ಬರೆದ.

ವಾಪಸು ಬರುವಾಗ ಕೆಲ್ಲರ್ ಎಡಿಸನ್ ಹತ್ತಿರ ಬಂದ ಮೇಲೆ ನಿಟ್ಟುಸಿರಿಟ್ಟರು.

"ಸೀನಿಯರ್ ಹುದ್ದೆಗೆ ಸೋಮವಾರ ನಿಮ್ಮ ಹೆಸರು ಬರೆಯೋಣ ಅಂತಿದ್ದೆ, ಪ್ರಾಣೇಶ್. ಆದರೆ ದಂಡ ತಪ್ಪಿಸಿಕೊಳ್ಳೋದಕ್ಕೆ ಸರ್ಕಾರಿ ಅಧಿಕಾರಿಯ ಮುಂದೆ ಅಂಥಾ ಸುಳ್ಳು ಹೇಳಿಬಿಟ್ಟಿರಿ. ಸುಳ್ಳು ಹೇಳೋರನ್ನ ನಾನು ಮೇಲೆ ಹತ್ತಿಸೋದಿಲ್ಲ."

ಮನೆ ಮುಂದೆ ಕಾರು ನಿಲ್ಲಿಸಿ ಅವರೇ ಸಮಾಧಾನ ಹೇಳಿದರು:

"ಬೇಜಾರು ಮಾಡ್ಕೋಬೇಡಿ. ಮೀನು ಹಿಡಿಯೋಕೆ ಮಾತ್ರ ನೀವೇ ಬೇಕು. ಲೈಸೆನ್ಸ್ ಮಾಡಿಸಿಕೊಳ್ಳಿ, ಇನ್ನು ಪ್ರತಿ ಶನಿವಾರ ಬರ್ತೀನಿ."