ಅಮಾವಾಸ್ಯೆಯ ಭೂಕಂಪ

ತಾಲ್ಲೂಕು ಕಚೇರಿಯಿಂದ ಬಂದ ಒಂದು ಸುತ್ತೋಲೆಯೇ ಎಲ್ಲಕ್ಕೂ ಮೂಲ. ಭೂಕಂಪವಾದರೆ ಪಾರಾಗುವುದು ಹೇಗೆಂದು ಜನರಿಗೆ ತಿಳಿಸಿ, ಅಂದೇ ವರದಿ ಕಳುಹಿಸಬೇಕಂತೆ. ಮಳವಳ್ಳಿ ಪಕ್ಕದ ಆ ಊರಿನಲ್ಲಿ ಸರ್ಕಾರದ ಇಂಥ ಬಿಟ್ಟಿ ಕೆಲಸಗಳೆಲ್ಲ ಶಶಿಧರ್ ಮೇಷ್ಟ್ರ ತಲೆಗೇ ಬರುತ್ತಿದ್ದವು.

ಮೇಷ್ಟ್ರ ಚಿಂತೆಯೇ ಬೇರೆಯಿತ್ತು. ಶಿವಣ್ಣನ ಕಲ್ಲುಕ್ವಾರಿಯಲ್ಲಿ ದಿನಾ ಹನ್ನೊಂದಕ್ಕೆ ಬಂಡೆ ಸಿಡಿಸಿ ಸಿಡಿಸಿ ಅವರ ಅಡುಗೆಮನೆಯ ಗೋಡೆ ಕೈ ತೂರುವಷ್ಟು ಬಿರಿದಿತ್ತು. ಅದರ ಮಗ್ಗುಲಲ್ಲೇ ತಾಯಿ ಚಿಕ್ಕಬೋರಮ್ಮ ಮಲಗುತ್ತಿದ್ದರು. ವರ್ಷವಿಡೀ ಅಲೆದಾಡಿದ ಮೇಲೆ, ಗೋಡೆಯನ್ನು ಶಿವಣ್ಣನೇ ಕಟ್ಟಿಸಿಕೊಡಬೇಕೆಂದು ಅಂದು ಸಂಜೆ ಊರ ನ್ಯಾಯದಲ್ಲಿ ತೀರ್ಮಾನವಾಗುವುದಿತ್ತು.

ಬೆಳಗ್ಗೆ ಮೇಷ್ಟ್ರು ಕರೆದ ಸಭೆಗೆ, ಶಿವಣ್ಣನ ಖರ್ಚಿನ ಟೀ, ಬೋಂಡದ ಆಸೆಗೆ ಶಾಲೆಯ ಕೊಠಡಿ ತುಂಬಿತ್ತು. ಮೈಕು ಕಿವಿ ಹರಿಯುವಂತೆ ಕಿರುಚುತ್ತಿತ್ತು.

"ನೆಲ ನಡುಗಿದಾಗ ಓಡಬಾರದು. ಮೇಜಿನ ಕೆಳಗೆ ಕೂತು, ತಲೆ ಮುಚ್ಕೊಂಡು, ಮೇಜಿನ ಕಾಲು ಹಿಡ್ಕೋಬೇಕು. ಹೊರಗಡೆ ಇದ್ರೆ ಗೋಡೆ, ಕರೆಂಟು ಕಂಬದಿಂದ ದೂರ, ಬಯಲಲ್ಲಿರಬೇಕು," ಎಂದರು ಮೇಷ್ಟ್ರು.

ಎದುರುಮನೆ ಮುದ್ದಮ್ಮ ಎಲೆಅಡಿಕೆ ಅಗಿಯುತ್ತ, "ನಮ್ಮೂರು ದಿನಾ ನಡುಗ್ತದೆ ಕಣ್ ಮೇಷ್ಟ್ರೇ. ದಿನಾ ಮೇಜಿನ್ ಕೆಳೀಕೆ ಕುಂತ್ಕಂಡ್ರೆ ಮುದ್ದೆ ತಿರುವೋರ್ಯಾರು?" ಎಂದಳು. ಎಲ್ಲರೂ ನಕ್ಕರು. ಶಿವಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ.

ಅಷ್ಟರಲ್ಲಿ ನೆಲ ಅದುರಿತು. ಲೋಟಗಳು ಉರುಳಿದವು, ಸೂರಿನಿಂದ ಗಾರೆ ಉದುರಿತು. ಒಬ್ಬರೂ ಕದಲಲಿಲ್ಲ. "ಅನ್ನೊಂದಾಯ್ತು, ಎಸರಿಗಿಡ್ಬೇಕು," ಎಂದು ಮುದ್ದಮ್ಮ ಸೀರೆ ಕೊಡವಿ ಎದ್ದಳು.

ಮೇಷ್ಟ್ರಿಗೆ ಮಾತ್ರ ಜೀವ ಬಾಯಿಗೆ ಬಂತು. ಅಂದು ಅಮಾವಾಸ್ಯೆ. ಶಿವಣ್ಣನ ಅಪ್ಪನ ಕಾಲದಿಂದಲೂ ಅಮಾವಾಸ್ಯೆಯ ದಿನ ಕ್ವಾರಿಯಲ್ಲಿ ಸುತ್ತಿಗೆ ಎತ್ತಿದವರಿಲ್ಲ.

"ಬಂಡೆಯಲ್ರೋ, ಇವತ್ತು ಅಮಾವಾಸ್ಯೆ. ಇದು ಭೂಕಂಪ," ಎಂದು ಕೂಗುತ್ತ ಮೇಜಿನ ಕೆಳಗೆ ನುಗ್ಗಿದರು. ಹಿಡಿದ ಕಾಲು ಕೈಗೇ ಕಿತ್ತು ಬಂತು. ಹಲಗೆ ಹಣೆಗೆ ಬಡಿಯಿತು.

ಜನ ಇದ್ದೊಂದು ಬಾಗಿಲಿಂದ ಒಬ್ಬರ ಮೇಲೊಬ್ಬರು ಬಿದ್ದು ಓಡಿ, ಹೋಗಿ ಹೋಗಿ ಕಾಂಪೌಂಡು ಗೋಡೆಗೆ ಒರಗಿ ಕರೆಂಟು ಕಂಬದ ಬುಡದಲ್ಲೇ ನಿಂತರು. ಮೇಷ್ಟ್ರು ಊದಿದ ಹಣೆ ಹಿಡಿದುಕೊಂಡು ಒಬ್ಬೊಬ್ಬರನ್ನೇ ಬಯಲಿಗೆ ಎಳೆದರು.

"ಜೀವ ಉಳಿಸ್ಬುಟ್ರಿ ಮೇಷ್ಟ್ರೇ," ಎಂದು ಶಿವಣ್ಣ ಕೈಮುಗಿದ. "ಇದ್ನ ಈಗ್ಲೇ ಬರ್ದು ಕಳ್ಸಿ. ನಮ್ ಸೈಗಳ್ನೂ ಆಕುಸ್ಕಳಿ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರೂ ಮೇಷ್ಟ್ರನ್ನು ಹೊಗಳಿರಲಿಲ್ಲ. ಅವರು ಉಬ್ಬಿಹೋದರು. 'ಇಂದು ಹನ್ನೊಂದು ಗಂಟೆಗೆ ನಮ್ಮ ಗ್ರಾಮದಲ್ಲಿ ಭೂಕಂಪ ಸಂಭವಿಸಿತು' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು, ಊರವರ ಸೈ ಹಾಕಿಸಿ ಕಚೇರಿಗೆ ಕಳುಹಿಸಿದರು. ಶಿವಣ್ಣ ಅದರದೊಂದು ಫೋಟೊ ತೆಗೆದುಕೊಂಡ.

ಮನೆಗೆ ಬಂದರೆ ಅಡುಗೆಮನೆಯ ಗೋಡೆ ತಾಯಿಯ ಚಾಪೆಯ ಮೇಲೆ ಮಲಗಿತ್ತು. ಚಿಕ್ಕಬೋರಮ್ಮ ರಾಗಿ ಕೇರಲು ಅಂಗಳಕ್ಕೆ ಹೋಗಿದ್ದರಿಂದ ಉಳಿದಿದ್ದರು.

ಸಂಜೆಯ ನ್ಯಾಯದಲ್ಲಿ ಶಿವಣ್ಣ ಆ ಫೋಟೊ ತೋರಿಸಿದ. "ಗೋಡೆ ಬಿದ್ದಿದ್ದು ಭೂಕಂಪಕ್ಕೆ. ಮೇಷ್ಟ್ರೇ ಬರ್ದವ್ರೆ. ಭೂಮ್ತಾಯಿ ಮಾಡಿದ್ಕೆ ನಾನೇನ್ ಮಾಡ್ಲಿ?" ಊರವರು ತಲೆಯಾಡಿಸಿದರು. ಸೈ ಅವರದೇ ಇತ್ತಲ್ಲ.

ಹೋಗಲಿ, ಸರ್ಕಾರವಾದರೂ ಪರಿಹಾರ ಕೊಟ್ಟೀತು ಎಂದುಕೊಳ್ಳುವಷ್ಟರಲ್ಲಿ ಕಚೇರಿಯಿಂದ ಫೋನು ಬಂತು. "ಯಾವ ಯಂತ್ರದಲ್ಲೂ ಭೂಕಂಪ ದಾಖಲಾಗಿಲ್ಲ ಕಣ್ರೀ. ಸುಳ್ಳು ವರದಿ ಕಳಿಸಿದ್ದೀರಿ. ನಾಳೆ ಸರಿಯಾದ ವಿವರಣೆ ಬರದಿದ್ರೆ ಸಸ್ಪೆಂಡು."

"ಹಾಗಾದ್ರೆ ನಡುಗಿದ್ದೇನು?" ಎಂದು ಮೇಷ್ಟ್ರು ಬೆಪ್ಪಾಗಿ ಸುತ್ತ ನೋಡಿದರು.

"ಬಂಡೇನೇ," ಎಂದಳು ಮುದ್ದಮ್ಮ. "ಓದ ವಾರ ಕ್ವಾರಿಗೆ ದೂರದೂರಿನ್ ಆಳ್ಗಳು ಬಂದವ್ರೆ. ಅವ್ರಿಗೇನ್ ಗೊತ್ತು ನಮ್ ಅಮಾಸೆ? ಎಸರಿಗಿಡ್ಬೇಕು ಅಂತ ನಾನಾಗ್ಲೇ ಅನ್ನಿಲ್ವಾ?"

ಶಿವಣ್ಣ ನಾಚಲಿಲ್ಲ. "ಬೆಳಗ್ಗೆ ಬರ್ದಿದ್ದು ಸುಳ್ಳು ಅಂತ ಒಂದ್ ಸೈ ಆಕ್ಕೊಡಿ ಮೇಷ್ಟ್ರೇ. ನಾಳೇನೇ ಗೋಡೆ ಕಟ್ಟುಸ್ತೀನಿ."

ಸುಳ್ಳೆಂದು ಒಪ್ಪಿದರೆ ಗೋಡೆ ಬರುತ್ತದೆ, ಕೆಲಸ ಹೋಗುತ್ತದೆ. ಮೇಷ್ಟ್ರು ಇನ್ನೊಂದು ಹಾಳೆ ತೆಗೆದು ಬರೆದರು: 'ವರದಿಯಲ್ಲಿ ಹೇಳಿದ್ದು ಜನರ ಅಭ್ಯಾಸಕ್ಕೆಂದು ನಡೆಸಿದ ಅಣಕು ಭೂಕಂಪ. ನಿಜವಾಗಿ ನೆಲ ನಡುಗಿಲ್ಲ.' ನೆಲವೇ ನಡುಗಿಲ್ಲವೆಂದ ಮೇಲೆ ಗೋಡೆಯ ಹೊಣೆ ಕ್ವಾರಿಯದೂ ಅಲ್ಲ; ಮೊದಲ ಸಾಕ್ಷಿಯಾಗಿ ಶಿವಣ್ಣನೇ ಸೈ ಹಾಕಿದ.

ಮನೆಯ ಅಂಗಳದಲ್ಲಿ ಚಿಕ್ಕಬೋರಮ್ಮ ಮಣ್ಣು ಕೊಡವಿದ ಚಾಪೆ ಹಿಡಿದು ನಿಂತಿದ್ದರು. "ಎಲ್ಲಿ ಮಲಿಕ್ಕಳ್ಳಾನ್ಲಾ ಮಗಾ?"

"ಬಯಲಲ್ಲೇ ಅವ್ವ," ಎಂದರು ಮೇಷ್ಟ್ರು. "ಗೋಡೆ, ಕರೆಂಟು ಕಂಬದಿಂದ ದೂರ."